ನಾಟದು ಎಂದ ಔಷಧ

ಹುಲಿಹೈದರದ ಓಬಳೆಪ್ಪನಿಗೆ ಕೆಮ್ಮು ಹೊಸದೇನಲ್ಲ. ವಯಸ್ಸಿನ ದೊಡ್ಡ ಪಾಲನ್ನು ಅವನು ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿಗಳಲ್ಲಿ ಕಳೆದಿದ್ದ. ಕಲ್ಲಿಗೆ ತೂತು ಕೊರೆಯುವ ಮಷೀನು ಹಿಡಿದು ನಿಂತರೆ ಎದುರಿಗಿದ್ದವನ ಮುಖ ಕಾಣದಷ್ಟು ಧೂಳು ಏಳುತ್ತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಒಂದು ಬೀಡಿ, ಉಂಡ ಮೇಲೆ ಇನ್ನೊಂದು. ಅವನು ಕೆಮ್ಮಿದಾಗಲೆಲ್ಲ ಹೆಂಡತಿ ಹೊಳಿಯಮ್ಮ ಬೀಡಿಯನ್ನು ಬೈಯುತ್ತಿದ್ದಳು, ಅವನು ಧೂಳನ್ನು ಬೈಯುತ್ತಿದ್ದ. ಕ್ವಾರಿ ಮುಚ್ಚಿ ಅವನು ಊರಿಗೆ ಮರಳಿ, ಇದ್ದ ತುಂಡು ಹೊಲದಲ್ಲಿ ಸಜ್ಜೆ ತೊಗರಿ ನೋಡಿಕೊಂಡಿದ್ದಾಗಲೂ ಕೆಮ್ಮು ಬಿಟ್ಟಿರಲಿಲ್ಲ. ಉಗುಳಿನಲ್ಲಿ ರಕ್ತ ಕಂಡ ದಿನ ಮಾತ್ರ ಹೊಳಿಯಮ್ಮ ಬೈಯಲಿಲ್ಲ. ಒಳಗೆ ಹೋಗಿ ಹುಬ್ಬಳ್ಳಿಗೆ ಫೋನು ಹಚ್ಚಿದಳು.

ಫೋನು ಎತ್ತಿಕೊಂಡವಳು ನೇತ್ರಾವತಿ, ಓಬಳೆಪ್ಪನ ತಂಗಿಯ ಮಗಳು. ತಾಯಿ ತೀರಿಕೊಂಡಾಗ ಅವಳು ಇನ್ನೂ ಅಂಗನವಾಡಿಗೆ ಹೋಗುವ ಕೂಸು. ಮಕ್ಕಳಿಲ್ಲದ ಓಬಳೆಪ್ಪ, ಹೊಳಿಯಮ್ಮ ಅವಳನ್ನು ಮನೆಗೆ ತಂದುಕೊಂಡು ಬೆಳೆಸಿದರು. ಕನಕಗಿರಿಯ ಹೈಸ್ಕೂಲು, ಗಂಗಾವತಿಯ ಕಾಲೇಜು, ಧಾರವಾಡದಲ್ಲಿ ಎಂ.ಎಸ್ಸಿ. ಓದಿನಲ್ಲಿ ಅವಳು ಎಲ್ಲಿಯೂ ನಿಲ್ಲಲಿಲ್ಲ. ಈಗ ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಅವಳ ಸಂಶೋಧನೆಯ ವಿಷಯ ಶ್ವಾಸಕೋಶದ ಕ್ಯಾನ್ಸರು. ಅತ್ತೆ ಹೇಳಿದ್ದನ್ನು ಅವಳು ಪೂರ್ತಿ ಕೇಳಿಕೊಂಡಳು.

"ಅತ್ತಿ, ಮಾಮಾನ್ನ ನಾಳೆನ ಕೊಪ್ಪಳ ದವಾಖಾನಿಗೆ ಕರಕೊಂಡು ಹೋಗು. ಎದಿ ಎಕ್ಸ್‌ರೇ ತೆಗಸು. ನಾನೂ ಬರ್ತೀನಿ."

"ಕಫ ಕೆಟ್ಟಿರಬೇಕಷ್ಟ, ಅಲ್ಲೇನವಾ?"

"ನೋಡೂಣು. ಮೊದಲ ತೆಗಸು."

ಎಕ್ಸ್‌ರೇಯಲ್ಲಿ ಬಲಗಡೆ ಮೇಲೆ ಬಿಳಿ ಮಬ್ಬೊಂದಿತ್ತು. ಕೊಪ್ಪಳದ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ, ಹೆಚ್ಚು ಮಾತಾಡದೆ ಹುಬ್ಬಳ್ಳಿಗೆ ಬರೆದುಕೊಟ್ಟರು. ಹುಬ್ಬಳ್ಳಿಯಲ್ಲಿ ಡಾಕ್ಟರ್ ಉಮಾಪತಿ ನೋಡಿದರು. ನೇತ್ರಾವತಿ ಕೆಲಸ ಮಾಡುತ್ತಿದ್ದ ಸಂಶೋಧನೆಯ ಮುಖ್ಯಸ್ಥರೂ ಅವರೇ. ಗಂಗಾವತಿಯವರು. ಓಬಳೆಪ್ಪನ ಮಾತಿನ ಧಾಟಿ ಕೇಳಿ ಅವರಿಗೆ ಖುಷಿಯಾಯಿತು, ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ಗಡ್ಡೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರು ಹೌದು, ಆಪರೇಷನ್ ಮಾಡಿ ತೆಗೆಯುವ ಹಂತ ದಾಟಿದೆ, ಬರೀ ಮಾತ್ರೆಯಿಂದ ಹತೋಟಿಗೆ ಬರುವ ಜಾತಿಯದೂ ಅಲ್ಲ ಎಂದು ಗೊತ್ತಾಯಿತು. ಉಳಿದದ್ದು ಕೀಮೊ.

"ಇನ್ನೊಂದು ಮಾತೈತ್ರಿ," ಎಂದರು ಉಮಾಪತಿ. "ತೆಗೆದ ಚೂರಿನಾಗ ಸ್ವಲ್ಪ ನಮ್ಮ ಸಂಶೋಧನೆಗೆ ಕೊಡ್ತೀರೇನು? ಬ್ಯಾಡ ಅಂದ್ರೂ ನಿಮ್ಮ ಔಷಧದಾಗ ಏನೂ ಫರಕು ಆಗೂದಿಲ್ಲ. ಅದರ ಫಲಿತಾಂಶ ನಿಮಗ ತಿಳಸೂದಿಲ್ಲ, ಯಾಕಂದ್ರ ಅದು ಖರೆ ಹೌದೋ ಅಲ್ಲೋ ಅಂತ ನಮಗ ಇನ್ನೂ ಗೊತ್ತಿಲ್ಲ."

ಓಬಳೆಪ್ಪ ನೇತ್ರಾವತಿಯ ಕಡೆ ನೋಡಿದ. "ನಮ್ಮ ಹುಡುಗಿ ಮಾಡೂ ಕೆಲಸ ಅದ ಅಲ್ಲೇನ್ರಿ?"

"ಹೌದ್ರಿ."

"ಮತ್ತ ಕೇಳೂದೇನೈತಿ, ತಗೋರಿ," ಎಂದು ಸಹಿ ಹಾಕಿದ.

ಆ ಸಂಶೋಧನೆಯ ಸಂಗತಿ ಇಷ್ಟು. ಒಂದೇ ಔಷಧ ಕೊಟ್ಟರೂ ಒಬ್ಬರ ಗಡ್ಡೆ ಕರಗುತ್ತದೆ, ಇನ್ನೊಬ್ಬರದು ಜಗ್ಗುವುದಿಲ್ಲ. ಕೀಮೊ ಔಷಧ ಕ್ಯಾನ್ಸರ್ ಕೋಶದೊಳಗಿನ ವಂಶವಾಹಿಯ ಎಳೆಯನ್ನು ಕೆಡಿಸುತ್ತದೆ, ಎಳೆ ಕೆಟ್ಟ ಕೋಶ ಸಾಯುತ್ತದೆ. ಆದರೆ ಕೆಲವರ ಗಡ್ಡೆಯಲ್ಲಿ, ಕೆಟ್ಟ ಎಳೆಯನ್ನು ಕೂಡಲೇ ದುರಸ್ತಿ ಮಾಡಿಕೊಳ್ಳುವ ಜೀನ್ ಒಂದು ಬಹಳ ಚುರುಕಾಗಿರುತ್ತದೆ. ಔಷಧ ಕೆಡಿಸಿದಷ್ಟನ್ನು ಅದು ಮತ್ತೆ ಕಟ್ಟಿಕೊಳ್ಳುತ್ತ ಹೋಗುತ್ತದೆ. ಆ ಜೀನಿನ ಚುರುಕನ್ನು ಮೊದಲೇ ಅಳೆದರೆ, ಔಷಧ ಯಾರಿಗೆ ನಾಟುತ್ತದೆ, ಯಾರಿಗೆ ನಾಟುವುದಿಲ್ಲ ಎಂದು ಹೇಳಲು ಬರುತ್ತದೆಯೇ? ಅದನ್ನು ತಿಳಿಯುವುದೇ ಉಮಾಪತಿಯವರ ತಂಡದ ಕೆಲಸ. ಅಳೆಯುವವರಿಗೆ ಚೂರು ಯಾರದೆಂದು ಗೊತ್ತಿರಬಾರದು ಎಂದು ಹೆಸರಿನ ಬದಲು ನಂಬರು ಇರುತ್ತಿತ್ತು.

ಆದರೆ ಆ ವಾರ ಪ್ರಯೋಗಾಲಯಕ್ಕೆ ಬಂದದ್ದು ಒಂದೇ ಒಂದು ಚೂರು. ನಂಬರಿದ್ದರೇನು, ಇಲ್ಲದಿದ್ದರೇನು? ನೇತ್ರಾವತಿಗೆ ಗೊತ್ತಾಯಿತು. ಇದನ್ನು ನಾನು ಮುಟ್ಟುವುದಿಲ್ಲ, ಬೇರೆಯವರಿಗೆ ಕೊಡಿ ಎಂದು ಅವಳು ಹೇಳಬಹುದಿತ್ತು. ಹೇಳಬೇಕೆಂದು ಉಮಾಪತಿಯವರ ಕೋಣೆಯ ಬಾಗಿಲ ತನಕ ಹೋದಳು ಕೂಡ. ಒಳಗೆ ಯಾರೋ ಇದ್ದರು. ನಿಂತು ಕಾದು ವಾಪಸು ಬಂದಳು. ಮಾಮನ ಎದೆಯೊಳಗಿನ ಚೂರನ್ನು ಬೇರೆ ಯಾರೋ ಎಲ್ಲ ಚೂರುಗಳಂತೆ ಹಿಡಿದು ನೋಡುತ್ತಾರೆ ಎಂಬುದನ್ನು ಅವಳ ಮನಸ್ಸು ಒಪ್ಪಲಿಲ್ಲ. ತಾನೇ ಕೂತಳು.

ಫಲಿತಾಂಶ ಬಂದಾಗ ಅವಳು ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದಳು. ಎರಡನೆಯ ಸಲವೂ ಅದೇ. ಜೀನು ಚುರುಕಾಗಿತ್ತು. ಅಲ್ಲಿಯವರೆಗೆ ಅವಳು ನೋಡಿದ ಚೂರುಗಳಲ್ಲಿ ತೀರ ಚುರುಕಾದವುಗಳ ಸಾಲಿಗೆ ಸೇರುವಷ್ಟು.

ಆ ಹೊತ್ತಿಗೆ ಓಬಳೆಪ್ಪನಿಗೆ ಮೊದಲ ಕೀಮೊ ಏರಿಸಿ ಆಗಿತ್ತು.

ಅದು ಅವನನ್ನು ಹಣ್ಣು ಮಾಡಿತು. ಬಾಯೊಳಗೆಲ್ಲ ಹುಣ್ಣು, ಉಂಡದ್ದು ನಿಲ್ಲುತ್ತಿರಲಿಲ್ಲ, ಸಜ್ಜೆ ಗಂಜಿಯನ್ನು ಹೊಳಿಯಮ್ಮ ಚಮಚದಿಂದ ಕುಡಿಸಬೇಕಾಯಿತು. ಕಲ್ಲು ಹೊತ್ತ ಮೈ ಹಾಸಿಗೆಯಿಂದ ಏಳಲು ಗೋಡೆ ಹಿಡಿಯಿತು. ಫೋನಿನಲ್ಲಿ ಹೊಳಿಯಮ್ಮ ದಿನವೂ ಕೇಳುತ್ತಿದ್ದಳು: "ಇಷ್ಟು ಹೊಟ್ಟಿ ಉರಸೂ ಔಷಧ ಐತೆಂದ್ರ ಛಲೋ ಕೆಲಸ ಮಾಡಾಕತ್ತೈತಿ ಅಂತ ಅಲ್ಲೇನು?" ನೇತ್ರಾವತಿ "ಹೂಂ ಅತ್ತಿ" ಎನ್ನುತ್ತಿದ್ದಳು. 

ರಕ್ತ ಪರೀಕ್ಷೆಗೆಂದು ಓಬಳೆಪ್ಪ ಹುಬ್ಬಳ್ಳಿಗೆ ಬಂದಾಗ ವಾಪಸು ಕರೆದೊಯ್ಯಲು ಅವಳು ರಜೆ ಹಾಕಿದಳು. ಕೊಪ್ಪಳದ ತನಕ ರೈಲು, ಅಲ್ಲಿಂದ ಹೊಸಪೇಟೆ ಬಸ್ಸು. ಗಂಗಾವತಿ ಬಸ್ಸಿಗಾಗಿ ಹಿಟ್ನಾಳದಲ್ಲಿ ಇಳಿದರು. ಮಧ್ಯಾಹ್ನದ ಬಿಸಿಲು. ಲಾರಿಗಳು ಹೆದ್ದಾರಿಯಲ್ಲಿ ಒಂದರ ಹಿಂದೊಂದು ಹೋಗುತ್ತಿದ್ದವು. ಚಹಾದಂಗಡಿಯ ತಗಡಿನ ನೆರಳಲ್ಲಿ ಬೆಂಚಿನ ಮೇಲೆ ಓಬಳೆಪ್ಪ ಕೂತ. ಟವಲಿನಿಂದ ಬಾಯಿ ಮುಚ್ಚಿಕೊಂಡಿದ್ದ. ಚಹಾದ ವಾಸನೆಗೇ ಅವನಿಗೆ ಓಕರಿಕೆ ಬಂತು. ಎದ್ದು ಹೋಗಿ ಗಟಾರದ ಹತ್ತಿರ ಬಗ್ಗಿ ನಿಂತ. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಬರೀ ನೀರು. ಬೆನ್ನು ಸವರುತ್ತ ನಿಂತ ನೇತ್ರಾವತಿಯ ಅಂಗೈಗೆ ಅವನ ಬೆನ್ನೆಲುಬಿನ ಗಂಟುಗಳು ಒಂದೊಂದಾಗಿ ತಾಗಿದವು.

ವಾಪಸು ಬಂದು ಕೂತ ಮೇಲೆ ಅವನು, "ಇನ್ನ ಎಷ್ಟು ಸಲ ಐತವಾ ಇದು?" ಎಂದ.

ಅವಳಿಂದ ತಡೆದುಕೊಳ್ಳಲಾಗಲಿಲ್ಲ. "ಮಾಮಾ, ಈ ಔಷಧ ನಿನಗ ನಾಟೂದಿಲ್ಲ," ಎಂದಳು.

ಓಬಳೆಪ್ಪ ಟವಲು ತೆಗೆದು ಅವಳ ಮುಖ ನೋಡಿದ. "ಡಾಕ್ಟರ್ ಹೇಳ್ಯಾರೇನು?"

"ಅವರಿಗೆ ಗೊತ್ತಿಲ್ಲ. ನಾ ನೋಡೀನಿ. ನಿನ್ನ ಗಡ್ಡಿ ಚೂರು ನನ್ನ ಕೈಗೇ ಬಂದಿತ್ತು." ಅವಳು ಅಳುತ್ತ, ಅಲ್ಲಲ್ಲಿ ನಿಲ್ಲುತ್ತ ಜೀನಿನ ಸಂಗತಿ ಹೇಳಿದಳು. ಅವನಿಗೆ ಎಷ್ಟು ತಿಳಿಯಿತೋ. ಔಷಧ ಕೆಡಿಸಿದ್ದನ್ನು ಗಡ್ಡೆ ತಿರುಗಿ ಕಟ್ಟಿಕೊಳ್ಳುತ್ತದೆ ಎಂಬುದು ತಿಳಿಯಿತು.

"ಅಂದ್ರ ಈ ಸಂಕಟ ಎಲ್ಲಾ ಸುಮ್ನ," ಎಂದ.

 ಗಂಗಾವತಿ ಬಸ್ಸು ಬಂತು. ಹತ್ತುವಾಗ ಅವಳ ಕೈ ಹಿಡಿಯಲಿಲ್ಲ ಅವನು, ಬಾಗಿಲ ಸರಳು ಹಿಡಿದು ಹತ್ತಿದ. ಕನಕಗಿರಿ ದಾಟುವ ತನಕ ಕಿಟಕಿಯ ಹೊರಗೇ ನೋಡುತ್ತ ಕೂತಿದ್ದವನು ಊರು ಹತ್ತಿರ ಬಂದಾಗ, "ನಿಮ್ಮ ಅತ್ತಿಗೆ ಹೇಳಬ್ಯಾಡ. ನಾ ಹೇಳ್ತೀನಿ," ಎಂದ.

ಅವನು ಹೇಳಲಿಲ್ಲ. ಎರಡನೆಯ ಕೀಮೊಗೆ ಹೋಗುವ ದಿನ ಬಂದಾಗ "ಒಲ್ಲೆ" ಎಂದ. ಹೊಳಿಯಮ್ಮ ಬೇಡಿಕೊಂಡಳು, ಬೈದಳು, ನೆರೆಯವರನ್ನು ಕರೆದಳು. ಯಾರು ಹೇಳಿದರೂ ಅವನ ಬಾಯಿಂದ ಬರುತ್ತಿದ್ದದ್ದು ಅದೊಂದೇ ಮಾತು. ಕಡೆಗೆ ಅವಳು ಅವನ ಮುಂದೆ ನೆಲಕ್ಕೆ ಕೂತು, ಕಾರಣ ಹೇಳುವ ತನಕ ತಾನೂ ಉಣ್ಣುವುದಿಲ್ಲ ಎಂದಾಗ, ಹಿಟ್ನಾಳದಲ್ಲಿ ನಡೆದದ್ದನ್ನು ಹೇಳಿದ.

ಗಂಗಾವತಿಯಿಂದ ಆಚೆಗೆ ಒಬ್ಬಳೇ ಎಂದೂ ಹೋಗದ ಹೊಳಿಯಮ್ಮ ಮರುದಿನ ಹುಬ್ಬಳ್ಳಿಗೆ ಹೋದಳು. ಕೇಳುತ್ತ ಕೇಳುತ್ತ ಆಸ್ಪತ್ರೆ ಮುಟ್ಟಿ, ಗೇಟಿನಲ್ಲಿ ನಿಂತು ನೇತ್ರಾವತಿಗೆ ಹೇಳಿಕಳಿಸಿದಳು. ಅತ್ತೆಯನ್ನು ಅಲ್ಲಿ ನೋಡಿ, ಮಾಮನಿಗೇ ಏನೋ ಆಯಿತೆಂದು ನೇತ್ರಾವತಿ ಓಡಿ ಬಂದಳು.

"ಅತ್ತಿ, ಮಾಮಾ..."

"ಅದಾನ. ಗ್ವಾಡಿ ಕಡೆ ಮುಖ ಮಾಡಿ ಮಲಗ್ಯಾನ." ಹೊಳಿಯಮ್ಮನ ದನಿ ಏರಲಿಲ್ಲ. "ನಿನಗ ಏನು ಗೊತ್ತೈತಿ ಹೇಳು. ಖಾತ್ರಿ ಐತೇನು ಆ ಔಷಧ ನಾಟೂದಿಲ್ಲ ಅಂತ? ದೇವರ ಆಣಿ ಮಾಡಿ ಹೇಳು."

ನೇತ್ರಾವತಿ ಬಾಯಿ ತೆರೆದಳು. ಖಾತ್ರಿ ಇರಲಿಲ್ಲ. ಜೀನು ಚುರುಕಾಗಿದ್ದೂ ಗಡ್ಡೆ ಕರಗಿದವರು ತಂಡದ ಹಿಂದಿನ ಲೆಕ್ಕದಲ್ಲೇ ಇದ್ದರು. ಕಡಿಮೆ, ಆದರೆ ಇದ್ದರು. ಹಿಟ್ನಾಳದಲ್ಲಿ ಮಾಮ ಗಟಾರಕ್ಕೆ ಬಗ್ಗಿ ನಿಂತಿದ್ದಾಗ ಅವರು ಯಾರೂ ಅವಳ ನೆನಪಿಗೆ ಬಂದಿರಲಿಲ್ಲ.

"ಖಾತ್ರಿ ಇಲ್ಲ ಅತ್ತಿ."

"ಖಾತ್ರಿ ಇಲ್ಲದ್ದನ್ನ ಯಾಕ ಹೇಳಿದಿ?" ಹೊಳಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಅವಗ ನಿನ್ನ ಮ್ಯಾಲ ಎಷ್ಟು ನಂಬಿಕಿ ಗೊತ್ತೈತೇನು? ಡಾಕ್ಟರ್ ಹತ್ತು ಹೇಳ್ಲಿ, ನೀ ಒಂದು ಹೇಳಿದ್ರ ಅವಗ ಅದ ಖರೆ. ನಮ್ಮ ನೇತ್ರಾ ಓದ್ಯಾಳ ಅಂತಾನ. ಆ ಬಾಯಿಂದ ನೀ ಅವನ ಔಷಧ ಕಸಗೊಂಡಿ."

ಅಷ್ಟು ಹೇಳಿ ಅವಳು ನಿಲ್ಲಲಿಲ್ಲ. ನೀರು ಕುಡಿ ಎಂದರೂ ಕುಡಿಯಲಿಲ್ಲ. ಬಂದ ದಾರಿಯಲ್ಲೇ ಸ್ಟೇಶನ್ ಕಡೆಗೆ ನಡೆದಳು. ನೇತ್ರಾವತಿ ಹಿಂದೆ ಹೋಗಿ ಟಿಕೀಟು ತೆಗೆಸಿ, ಕಿಟಕಿಯ ಹತ್ತಿರ ಕೂರಿಸಿದಳು. ರೈಲು ಬಿಡುವ ತನಕ ಕಿಟಕಿಯ ಕೆಳಗೇ ನಿಂತಿದ್ದಳು.

ಅಲ್ಲಿಂದ ನೇರವಾಗಿ ಅವಳು ಉಮಾಪತಿಯವರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಚೂರು ಯಾರದೆಂದು ಗೊತ್ತಿದ್ದೂ ಮುಟ್ಟಿದ್ದು, ಎರಡು ಸಲ ಪರೀಕ್ಷೆ ಮಾಡಿದ್ದು, ಹಿಟ್ನಾಳ, ಹೊಳಿಯಮ್ಮ. ಉಮಾಪತಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. 

"ಸೋಮವಾರದಿಂದ ನೀನು ಈ ಕೆಲಸದಾಗ ಇರೂದು ಬ್ಯಾಡ," ಎಂದರು. "ಮೇಲಿನ ಸಮಿತಿಗೆ ನಾ ತಿಳಸಬೇಕು. ಅವರು ಏನು ಹೇಳ್ತಾರೋ ನೋಡೂಣು."

"ಹೂಂ ಸರ್."

"ಬ್ಯಾರೇ ಯಾರರ ಮಾಡಿದ್ರ ನನಗ ಸಿಟ್ಟು ಬರ್ತಿತ್ತು. ನಿನ್ನ ಮ್ಯಾಲೂ ಬಂದೈತಿ." ಅವರು ಕನ್ನಡಕ ಹಾಕಿಕೊಂಡರು. "ಭಾನುವಾರ ನಾ ಗಂಗಾವತಿಗೆ ಹೊಂಟೀನಿ, ಅವ್ವನ್ನ ನೋಡಾಕ. ಅಲ್ಲಿಂದ ನಿಮ್ಮೂರು ದೂರೇನಿಲ್ಲಲ್ಲ?"

ಭಾನುವಾರ ನೇತ್ರಾವತಿಯನ್ನೂ ಕೂರಿಸಿಕೊಂಡು ಉಮಾಪತಿಯವರ ಕಾರು ಹುಲಿಹೈದರಕ್ಕೆ ಬಂತು. ಓಬಳೆಪ್ಪ ಎದ್ದು ಕೂರಲು ಹೋದಾಗ ಅವರು ಭುಜ ಹಿಡಿದು ತಡೆದು, ಹಾಸಿಗೆಯ ಪಕ್ಕದಲ್ಲೇ ಚಾಪೆಯ ಮೇಲೆ ಕೂತರು. ಹೊಳಿಯಮ್ಮ ಬಾಗಿಲಿಗೆ ಒರಗಿ ನಿಂತಳು. ನೇತ್ರಾವತಿ ಎಲ್ಲಿ ಕೂರಬೇಕೆಂದು ತಿಳಿಯದೆ ಪಡಸಾಲೆಯ ಮೂಲೆಯಲ್ಲಿ ನಿಂತೇ ಇದ್ದಳು.

"ಈಕಿ ಹೇಳಿದ್ದು ಸುಳ್ಳಲ್ರಿ," ಎಂದು ಉಮಾಪತಿ ಶುರು ಮಾಡಿದರು. "ನಿಮ್ಮ ಗಡ್ಡಿಯೊಳಗ ಆ ಜೀನಿನ ಗುರುತು ಜೋರೈತಿ. ಅಂಥ ಗುರುತು ಇದ್ದವರೊಳಗ ಹೆಚ್ಚು ಮಂದಿಗೆ ಈ ಔಷಧ ನಾಟಿಲ್ಲ. ಆದ್ರ ಕೆಲವು ಮಂದಿಗೆ ನಾಟೈತಿ. ನೀವು ಯಾವ ಕಡೆಯವರು ಅಂತ ಈಕಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಾಗೂ ದಾರಿ ಒಂದ. ಇನ್ನೊಂದು ಸಲ ಔಷಧ ಏರಿಸಿ ಸ್ಕ್ಯಾನ್ ಮಾಡಿ ನೋಡೂದು."

ಓಬಳೆಪ್ಪ ಛಾವಣಿಯ ಜಂತಿ ನೋಡುತ್ತ ಕೇಳಿದ: "ಅಷ್ಟು ಗೊತ್ತಿಲ್ಲದ ಮ್ಯಾಲ ಆ ಪರೀಕ್ಷಾ ಯಾಕ ಮಾಡ್ತೀರ್ರಿ?"

"ಮುಂದ ಗೊತ್ತಾಗ್ಲಿ ಅಂತ ಮಾಡ್ತೀವ್ರಿ. ನಿಮ್ಮಂಥವರು ಭಾಳ ಮಂದಿ ಕೊಟ್ರ, ಹತ್ತು ವರ್ಷಕ್ಕ ಯಾರಿಗರ ಖಾತ್ರಿಯಾಗಿ ಹೇಳಾಕ ಬಂದೀತು. ಇವತ್ತು ಬರೂದಿಲ್ಲ."

"ಔಷಧ ಮೈಯೆಲ್ಲಾ ಸುಡ್ತೈತ್ರಿ ಸಾಹೇಬ್ರ."

"ಗೊತ್ತೈತ್ರಿ. ಓಕರಿಕೆ ಕಡಿಮಿ ಮಾಡೂ ಔಷಧ ಈ ಸಲ ಬ್ಯಾರೇ ಕೊಡ್ತೀನಿ. ಅಷ್ಟಾಗಿ ನೀವು ಒಲ್ಲೆ ಅಂದ್ರ ನಾ ಒತ್ತಾಯ ಮಾಡೂದಿಲ್ಲ. ನಿಮ್ಮ ಮೈ, ನಿಮ್ಮ ಮಾತು."

 ಓಬಳೆಪ್ಪ ತಲೆ ಹೊರಳಿಸಿ ಹೆಂಡತಿಯನ್ನು ನೋಡಿದ.  ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು.

"ಒಂದು ಸಲ," ಎಂದ ಅವನು. "ಒಂದ ಸಲ. ಸ್ಕ್ಯಾನಿನಾಗ ಇಲ್ಲ ಅಂತ ಬಂದ್ರ ಆಮ್ಯಾಲೆ ಯಾರೂ ನನಗ ಬಾ ಅನ್ನಬಾರದು. ನೀನೂ ಅನ್ನಬಾರದು," ಎಂದು ಹೊಳಿಯಮ್ಮನ ಕಡೆ ಬೊಟ್ಟು ತೋರಿಸಿದ. ಅವಳು ತಲೆಯಾಡಿಸಿದಳು.

ಎರಡನೆಯ ಕೀಮೊ ಮೊದಲಿನಷ್ಟು ಕಾಡಲಿಲ್ಲ. ಆದರೂ ಸುಲಭವಿರಲಿಲ್ಲ. ಸ್ಕ್ಯಾನ್ ಮಾಡಿಸುವ ದಿನ ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ನೇತ್ರಾವತಿ ಆಗ ಅದೇ ಆಸ್ಪತ್ರೆಯ ರಕ್ತ ಪರೀಕ್ಷೆಯ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ಸಮಿತಿ ಅವಳನ್ನು ಸಂಶೋಧನೆಯಿಂದ ಒಂದು ವರ್ಷ ದೂರ ಇಟ್ಟಿತ್ತು. ಉಮಾಪತಿ ಕರೆಸಿದಾಗ ಅವಳು ಏಪ್ರನ್ನಿನಲ್ಲೇ ಓಡಿ ಬಂದಳು.

ಉಮಾಪತಿ ಎರಡು ಚಿತ್ರಗಳನ್ನು ಪರದೆಯ ಮೇಲೆ ಪಕ್ಕಪಕ್ಕ ಇಟ್ಟಿದ್ದರು. ಒಂದರಲ್ಲಿ ನಿಂಬೆಹಣ್ಣಿಗಿಂತ ದೊಡ್ಡ ಬಿಳಿ ಮುದ್ದೆ. ಇನ್ನೊಂದರಲ್ಲಿ ಅದೇ ಜಾಗದಲ್ಲಿ ಅಡಿಕೆಯಷ್ಟು ಉಳಿದಿತ್ತು.

"ನಾಟೈತ್ರಿ," ಎಂದರು.

ಓಬಳೆಪ್ಪನಿಗೆ ಮೊದಲು ತಿಳಿಯಲಿಲ್ಲ. "ಯಾವುದು?"

"ಔಷಧ. ನಿಮಗ ಚಂದ ನಾಟೈತಿ."

ಹೊಳಿಯಮ್ಮ ಪರದೆಯ ಹತ್ತಿರ ಹೋಗಿ, ಮುಟ್ಟಬಾರದೇನೋ ಎಂದು ಕೈ ಹಿಂದೆ ಕಟ್ಟಿಕೊಂಡು, ಎರಡೂ ಚಿತ್ರಗಳನ್ನು ಬಗ್ಗಿ ನೋಡಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ನೇತ್ರಾವತಿ ಪಕ್ಕದಲ್ಲಿ ಕೂತು ಅವಳ ಹೆಗಲಿಗೆ ತಲೆಯಿಟ್ಟಳು. ಹೊಳಿಯಮ್ಮ ದೂಡಲಿಲ್ಲ. ಹುಬ್ಬಳ್ಳಿಗೆ ಒಬ್ಬಳೇ ಬಂದು ಹೋದ ದಿನದಿಂದ ಅವಳು ನೇತ್ರಾವತಿಯ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿರಲಿಲ್ಲ. ಅವತ್ತು ಅವಳ ತಲೆಯ ಮೇಲೆ ಕೈಯಿಟ್ಟು, "ಏಳು, ಮಂದಿ ನೋಡ್ತಾರ," ಎಂದಳು.

ಗಂಡ ಹೆಂಡತಿ ಹೊರಗೆ ಹೋದ ಮೇಲೆ ನೇತ್ರಾವತಿ ಕೇಳಿದಳು, "ಯಾಕ ಸರ್? ಗುರುತು ಅಷ್ಟು ಜೋರಿತ್ತು."

"ಗೊತ್ತಿಲ್ಲ," ಎಂದರು ಉಮಾಪತಿ. "ಬ್ಯಾರೇ ಜೀನು ಏನರ ಇದ್ದೀತು. ನಾವು ಅಳದದ್ದ ತಪ್ಪಿರಬಹುದು. ನಮ್ಮ ಲೆಕ್ಕದಾಗ ಇವರು ಉಲ್ಟಾ ಕಡೆ ಬರ್ತಾರ, ಅಷ್ಟ. ಬರೀತೀವಿ."

ಕೀಮೊ ಮುಗಿದ ಮೇಲೆ ಓಬಳೆಪ್ಪನಿಗೆ ಒಂದು ಒಳ್ಳೆಯ ಕಾಲ ಸಿಕ್ಕಿತು. ವರ್ಷದ ಮೇಲೆ ಸ್ವಲ್ಪ. ತಲೆಗೂದಲು ಬೆಳ್ಳಗೆ, ಮೆತ್ತಗೆ ಮತ್ತೆ ಬಂತು. ಹೊಲಕ್ಕೆ ಹೋಗಿ ಬದುವಿನ ಮೇಲೆ ಕೂತು ಬರುತ್ತಿದ್ದ. ಬೀಡಿ ಬಿಟ್ಟಿದ್ದ. ಒಂದು ದಿನ ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು, ಕುಷ್ಟಗಿಗೆ ಹೋಗಿ ಬರುತ್ತೇನೆ ಎಂದ.

"ಕುಷ್ಟಗ್ಯಾಗ ಯಾರದಾರ?" ಹೊಳಿಯಮ್ಮ ಕೇಳಿದಳು.

"ಜಿಲಾನಿ."

ಜಿಲಾನಿ ಕ್ವಾರಿಯಲ್ಲಿ ಅವನ ಜೋಡಿ. ಒಂದೇ ಕಲ್ಲಿನ ಎರಡು ತುದಿಗೆ ಇಬ್ಬರೂ ಮಷೀನು ಹಿಡಿಯುತ್ತಿದ್ದರು, ಒಂದೇ ಬೆಂಕಿಕಡ್ಡಿಗೆ ಎರಡು ಬೀಡಿ ಹಚ್ಚುತ್ತಿದ್ದರು. ಕ್ವಾರಿ ನಿಂತ ಮೇಲೆ ಭೇಟಿಯಾಗಿರಲಿಲ್ಲ. ಜಿಲಾನಿ ಈಗ ಬಸ್ ಸ್ಟ್ಯಾಂಡಿನ ಹತ್ತಿರ ಪಂಚರ್ ಅಂಗಡಿ ಇಟ್ಟಿದ್ದ. ಓಬಳೆಪ್ಪನನ್ನು ಕಂಡು ಎದ್ದು ಬಂದು ತಬ್ಬಿಕೊಂಡ. ಎದ್ದು ನಾಲ್ಕು ಹೆಜ್ಜೆ ಬಂದದ್ದಕ್ಕೇ ಅವನಿಗೆ ಏದುಸಿರು ಹತ್ತಿತು. ಟಯರಿಗೆ ಗಾಳಿ ಹೊಡೆಯುವ ಕೆಲಸಕ್ಕೆ ಬೇರೆಯವರನ್ನು ಇಟ್ಟುಕೊಂಡಿದ್ದೇನೆ, ನನಗೆ ಆಗುವುದಿಲ್ಲ ಎಂದ.

ಓಬಳೆಪ್ಪ ಅವನ ಉಸಿರನ್ನು ಕೇಳುತ್ತ ಕೂತ. "ನಡಿ ಕೊಪ್ಪಳಕ್ಕ," ಎಂದ.

"ಯಾಕ?"

"ಎದಿ ಫೋಟೋ ತೆಗಸಾಕ."

"ಹೋಗಲೇ. ವಯಸ್ಸಾತು, ಅಷ್ಟ."

"ನನಗೂ ಹಂಗ ಅನ್ನಿಸಿತ್ತು. ರಕ್ತ ಬೀಳೂ ತನಕ ಅನ್ನಕೋತ ಕುಂತಿದ್ದೆ."

ಜಿಲಾನಿ ಅವತ್ತು ಬರಲಿಲ್ಲ. ಓಬಳೆಪ್ಪ ಮುಂದಿನ ವಾರ ಮತ್ತೆ ಹೋದ. ಅದರ ಮುಂದಿನ ವಾರವೂ ಹೋದ. ಇವನ ಕಾಟ ತಾಳದೆ ಜಿಲಾನಿ ಅಂಗಡಿಯ ಬಾಗಿಲು ಎಳೆದು ಹೊರಟ. ಕೊಪ್ಪಳದಲ್ಲಿ ಅದು ಕಲ್ಲಿನ ಧೂಳಿನಿಂದ ಬಂದ ರೋಗವೆಂದು ಹೇಳಿದರು. ಗುಣವಾಗುವುದಲ್ಲ, ಆದರೆ ಔಷಧ ಇದೆ, ಬೀಡಿ ಬಿಡಬೇಕು, ಆಗಾಗ ಬಂದು ತೋರಿಸಬೇಕು, ಧೂಳು ಕುಡಿದ ಶ್ವಾಸಕೋಶದಲ್ಲಿ ಕ್ಯಾನ್ಸರು ಬರುವ ಸಂಭವವೂ ಹೆಚ್ಚು ಎಂದರು. ವಾಪಸು ಬರುವಾಗ ಜಿಲಾನಿ ಜೇಬಿನಲ್ಲಿದ್ದ ಬೀಡಿ ಕಟ್ಟನ್ನು ಬಸ್ಸಿನ ಕಿಟಕಿಯಿಂದ ಎಸೆದ. ಮತ್ತೆ ಎರಡು ದಿನಕ್ಕೆ ಹೊಸ ಕಟ್ಟು ಕೊಂಡ. ಆದರೆ ತೋರಿಸಲು ಮಾತ್ರ ತಪ್ಪದೆ ಹೋಗತೊಡಗಿದ.

ಓಬಳೆಪ್ಪನ ಕೆಮ್ಮು ಸುಗ್ಗಿಯ ಹೊತ್ತಿಗೆ ತಿರುಗಿ ಬಂತು. ಗಡ್ಡೆ ಬೆಳೆದಿತ್ತು, ಈ ಸಲ ಬೆನ್ನೆಲುಬಿಗೂ ಹೋಗಿತ್ತು. ಬೇರೆ ಔಷಧ ಕೊಟ್ಟು ನೋಡಿದರು, ಅದು ನಿಲ್ಲಿಸಲಿಲ್ಲ. ಉಮಾಪತಿ ನೋವಿಗೆ ಔಷಧ ಬರೆದುಕೊಟ್ಟು, ಮನೆಯಲ್ಲೇ ಇರಲಿ ಎಂದರು. ನೇತ್ರಾವತಿ ರಜೆ ಹಾಕಿ ಊರಿಗೆ ಬಂದಳು.

ಒಂದು ಬೆಳಿಗ್ಗೆ ಹೊಳಿಯಮ್ಮ ನೀರು ತರಲು ಹೋದಾಗ ಓಬಳೆಪ್ಪ ನೇತ್ರಾವತಿಯನ್ನು ಹತ್ತಿರ ಕರೆದ. ದನಿ ಸಣ್ಣದಾಗಿತ್ತು.

"ಆ ಹಿಟ್ನಾಳದ ಮಾತು ನಿನ್ನ ತಲಿಯಾಗ ಇನ್ನೂ ಐತೇನು?"

ಅವಳು ಹೌದೆಂದು ತಲೆಯಾಡಿಸಿದಳು.

"ನೀ ಹೇಳಿದ್ದಕ್ಕ ನನಗ ಸಿಟ್ಟಿಲ್ಲ. ನನ್ನ ಮೈಯ್ಯಾಗಿಂದು, ನನಗ ಹೇಳಬೇಕಾದ್ದ." ಉಸಿರು ತೆಗೆದುಕೊಳ್ಳಲು ನಿಂತ. "ಆದ್ರ ಪೂರ್ತಿ ಹೇಳಲಿಲ್ಲ ನೀನು. ನಾಟೂದಿಲ್ಲ ಅಂದಿ. ಗೊತ್ತಿಲ್ಲ ಮಾಮಾ ಅನ್ನಬೇಕಿತ್ತು. ಗೊತ್ತಿಲ್ಲ ಅಂತ ಅಂದಿದ್ರ ನಾನೂ ನೀನೂ ಕೂಡಿ ಅಂಜತಿದ್ವಿ. ನೀ ಅಂಜಿ, ಅದನ್ನ ಖಾತ್ರಿ ಮಾಡಿ ನನ್ನ ಕೈಯಾಗ ಇಟ್ಟಿ."

"ತಪ್ಪಾತು ಮಾಮಾ."

"ತಪ್ಪು ಒಪ್ಪು ಅಂತ ಅಲ್ಲ. ಮುಂದ ಯಾರಿಗರ ಹೇಳೂವಾಗ ನೆನಪಿರ್ಲಿ."

ಮೂರನೆಯ ದಿನ, ಹೊತ್ತು ಏರುವ ಸಮಯದಲ್ಲಿ ಓಬಳೆಪ್ಪ ತೀರಿಕೊಂಡ. ಹೊಳಿಯಮ್ಮ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಣೆ ಒರೆಸುತ್ತಿದ್ದಳು. ಉಸಿರು ನಿಂತದ್ದು ಅವಳಿಗೆ ಗೊತ್ತಾಯಿತು. ಆದರೂ ಸ್ವಲ್ಪ ಹೊತ್ತು ಹಣೆ ಒರೆಸುತ್ತಲೇ ಇದ್ದಳು. ಸಂಜೆಗೆ ಹೊಲದ ಬದುವಿನ ಹತ್ತಿರ ಮಣ್ಣು ಮಾಡಿದರು. ಕುಷ್ಟಗಿಯಿಂದ ಜಿಲಾನಿ ಬಂದಿದ್ದ. ಹೂಳುವ ಗುಂಡಿಯ ತನಕ ನಡೆಯಲು ಅವನು ದಾರಿಯಲ್ಲಿ ಮೂರು ನಾಲ್ಕು ಕಡೆ ಕೂತು ಎದ್ದ.

ದಿನಕರ್ಮಗಳು ಮುಗಿದ ಮೇಲೂ ನೇತ್ರಾವತಿ ಊರಲ್ಲೇ ಉಳಿದಿದ್ದಳು. ಸಂಶೋಧನೆಗೆ ತಿರುಗಿ ಸೇರಿಕೋ ಎಂದು ಉಮಾಪತಿ ಹೇಳಿಕಳಿಸಿದ್ದರು. ಹೋಗಬೇಕೋ ಬೇಡವೋ ಎಂದು ಅವಳಿಗೆ ನಿರ್ಧಾರವಾಗಿರಲಿಲ್ಲ. ಅಂಥ ಒಂದು ದಿನ ಜಿಲಾನಿ ಮತ್ತೆ ಬಂದ. ಹೊಳಿಯಮ್ಮನಿಗೆಂದು ತಂದ ಹಣ್ಣು ಕೊಟ್ಟು ಕಟ್ಟೆಯ ಮೇಲೆ ಕೂತ. ಕೊಪ್ಪಳದಲ್ಲಿ ಹೋದ ವಾರ ತೆಗೆದ ಫೋಟೋದಲ್ಲಿ ಸಣ್ಣದೊಂದು ಗಂಟು ಕಂಡಿದೆಯಂತೆ. ಹುಬ್ಬಳ್ಳಿಗೆ ಬರೆದುಕೊಟ್ಟಿದ್ದಾರೆ.

"ಲಗೂನ ಸಿಕ್ಕೈತಿ, ಛಲೋ ಆತು ಅಂದ್ರು. ಓಬಳೆ ಎಳಕೊಂಡು ಹೋಗಲಿಲ್ಲ ಅಂದಿದ್ರ ನಾ ಎಲ್ಲಿ ತೋರಸ್ತಿದ್ದೆ?" ಅವನು ಕೆಮ್ಮಿ, ಗಂಟಲು ಸರಿಮಾಡಿಕೊಂಡ. "ಬೇಟಿ, ಆ ನಿಮ್ಮ ಪರೀಕ್ಷಾ ಐತೆಲ್ಲಾ, ಔಷಧ ನಾಟತೈತೋ ಇಲ್ಲೋ ಅಂತ ಹೇಳೂದು. ಅದನ್ನ ನನಗೂ ಮಾಡ್ತಾರೇನು?"

"ಕೀಮೊ ಬೇಕಾದ್ರ ಕೇಳ್ತಾರ ಕಾಕಾ. ನಿಮ್ಮದು ಸಣ್ಣದೈತಿ, ಆಪರೇಷನ್‌ದಾಗ ಮುಗದ್ರೂ ಮುಗೀತು. ಕೇಳಿದ್ರ ಹೂಂ ಅನ್ನೂದು, ಬ್ಯಾಡ ಅನ್ನೂದು ನಿಮ್ಮ ಖುಷಿ. ನಿಮ್ಮ ಚೂರು ಮಾತ್ರ ನಾ ಮುಟ್ಟೂದಿಲ್ಲ. ಬ್ಯಾರೇಯವರು ನೋಡ್ತಾರ."

"ಅದು ಏನು ಹೇಳ್ತೈತಿ?"

ನೇತ್ರಾವತಿ ಅವನ ಪಕ್ಕದಲ್ಲಿ ಕೂತಳು. ಔಷಧ ಏನು ಮಾಡುತ್ತದೆ, ಗಡ್ಡೆ ಹೇಗೆ ಎದುರು ನಿಲ್ಲುತ್ತದೆ, ಗುರುತು ಜೋರಿದ್ದವರಲ್ಲಿ ಎಂಥವರಿಗೆ ಏನೇನಾಯಿತು, ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಎಲ್ಲಿಯವರೆಗೆ ಗೊತ್ತಿದೆ, ಎಲ್ಲಿಂದ ಮುಂದೆ ಗೊತ್ತಿಲ್ಲ ಎಂಬುದನ್ನೂ ಬಿಡದೆ ಹೇಳಿದಳು. ಜಿಲಾನಿ ನಡುನಡುವೆ ತಡೆದು ಕೇಳುತ್ತಿದ್ದ. ಕೆಲವಕ್ಕೆ ಅವಳು ಉತ್ತರ ಕೊಟ್ಟಳು, ಕೆಲವಕ್ಕೆ "ಗೊತ್ತಿಲ್ಲ ಕಾಕಾ" ಎಂದಳು.

"ಅಂಜಿಕಿ ಆಗ್ತೈತಿ ಬೇಟಿ," ಎಂದ ಅವನು.

"ನನಗೂ ಆಗ್ತೈತಿ. ಸೋಮವಾರ ನೀವು ಬರ್ರಿ. ನಾ ಸ್ಟೇಶನ್ನಿಗೆ ಬಂದು ಕರಕೊಂಡು ಹೋಗ್ತೀನಿ."

ಸೋಮವಾರ ಹುಬ್ಬಳ್ಳಿಯಲ್ಲಿ ಇರುತ್ತೇನೆ ಎಂದು ಹೇಳಿಬಿಟ್ಟಿದ್ದೇನೆ ಎಂಬುದು ಅವಳಿಗೆ ಆಮೇಲೆ ಹೊಳೆಯಿತು. ಒಳಗೆ ಹೊಳಿಯಮ್ಮ ರೊಟ್ಟಿ ಬಡಿಯುತ್ತಿದ್ದಳು. ಓಬಳೆಪ್ಪ ಹೋದ ಮೇಲೆ ಅವಳು ಒಲೆ ಹಚ್ಚಿದ್ದು ಕಡಿಮೆ, ನೆರೆಯವರು ತಂದುಕೊಟ್ಟದ್ದನ್ನೇ ಒಂದಿಷ್ಟು ಉಂಡು ಏಳುತ್ತಿದ್ದಳು. ಎರಡು ತಾಟು ಹಿಡಿದು ಹೊರಗೆ ಬಂದು ಅವರ ಮುಂದೆ ಇಟ್ಟಳು.

"ಮಾತು ಆಮ್ಯಾಲೆ ಆಡೀರಂತ," ಎಂದಳು. "ಬಿಸಿ ಐತಿ, ಮೊದಲ ಉಣ್ರಿ."

ಆಮೇಲೆ ಒಳಗೆ ಹೋಗಿ ತನ್ನದೂ ಒಂದು ತಾಟು ತಂದು, ಅವರ ಜೊತೆ ಕೂತಳು.